‘ಡಬ್ಲ್ಯೂ ಬಿದ್ದರೆ ಏನೂ ಆಗಲ್ಲ’ ಎಂಬ ಬುದ್ಧಿಮಾತು ನಿಲ್ಲಲಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಅಲ್ಲಿನ ಕಾಲೇಜು ಸೇರಿದ ಮೊದಲ ವರ್ಷವೇ ಹಿರಿಯರಿಂದಲೋ ಗೆಳೆಯರಿಂದಲೋ ಒಂದು ಬುದ್ಧಿಮಾತು ಕೇಳುತ್ತಾರೆ: ‘ಯಾವುದಾದರೂ ವಿಷಯದ ಕೋರ್ಸ್ ಕಷ್ಟವಾದರೆ ನಡುವೆಯೇ ಬಿಟ್ಟುಬಿಡು. ಅಂಕಪಟ್ಟಿಯಲ್ಲಿ ಡಬ್ಲ್ಯೂ ಅಂತ ಬೀಳುತ್ತೆ ಅಷ್ಟೇ, ಜಿಪಿಎಗೆ ಏನೂ ಆಗಲ್ಲ.’ ಡಬ್ಲ್ಯೂ ಎಂದರೆ ‘ವಿತ್‌ಡ್ರಾ’, ಕೋರ್ಸನ್ನು ನಡುವೆ ಬಿಟ್ಟ ಗುರುತು. ಜಿಪಿಎಗೆ, ಅಂದರೆ ದರ್ಜೆಗಳ ಸರಾಸರಿಗೆ (ಸಾಮಾನ್ಯವಾಗಿ ಗರಿಷ್ಠ 4.0), ಏನೂ ಆಗುವುದಿಲ್ಲ ಎಂಬುದು ನಿಜ. ಆದರೆ ಫೆಡರಲ್ ಸರ್ಕಾರದ ನೆರವಿನಿಂದ ಓದುತ್ತಿರುವ ಹುಡುಗ ಅಥವಾ ಹುಡುಗಿ ಈ ಮಾತು ನಂಬಿ ಮೂರು ನಾಲ್ಕು ಕೋರ್ಸ್ ಬಿಟ್ಟರೆ, ಜಿಪಿಎ 3.5 ಇದ್ದರೂ ನೆರವು ನಿಂತುಹೋಗಬಹುದು. ಊರಿನಲ್ಲಿ ಕೂತು ಮೊಮ್ಮಕ್ಕಳ, ಅಕ್ಕ ತಂಗಿಯರ ಮಕ್ಕಳ ಓದಿನ ಬಗ್ಗೆ ಫೋನಿನಲ್ಲಿ ಸಲಹೆ ಕೊಡುವವರೂ ತಮ್ಮ ಪತ್ರಿಕೆಯ ಓದುಗರಾದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಇಲ್ಲಿ ಹೇಳುತ್ತಿರುವುದು 1965ರ ಉನ್ನತ ಶಿಕ್ಷಣ ಕಾಯ್ದೆಯಡಿ ಸಿಗುವ ನೆರವಿನ ಬಗ್ಗೆ. ಅಂದರೆ ಪೆಲ್ ಗ್ರ್ಯಾಂಟ್, ಸರ್ಕಾರ ನೇರವಾಗಿ ಕೊಡುವ ವಿದ್ಯಾರ್ಥಿ ಸಾಲ ಮತ್ತು ಕ್ಯಾಂಪಸ್ಸಿನಲ್ಲಿ ದುಡಿದು ಗಳಿಸುವ ವರ್ಕ್-ಸ್ಟಡಿ. 2025-26ನೇ ಸಾಲಿನಲ್ಲಿ ಪೆಲ್ ಗ್ರ್ಯಾಂಟಿನ ಗರಿಷ್ಠ ಮೊತ್ತ 7,395 ಡಾಲರ್. ಅದನ್ನು ಮರಳಿಸಬೇಕಿಲ್ಲ. ಅಮೆರಿಕದ ಪ್ರಜೆಗಳು, ಗ್ರೀನ್ ಕಾರ್ಡ್ ಇರುವವರು ಮತ್ತು ಇನ್ನು ಕೆಲವೇ ವರ್ಗದವರು ಮಾತ್ರ ಈ ನೆರವಿಗೆ ಅರ್ಹರು. ಅಪ್ಪ ಎಚ್-1ಬಿ, ಮಗಳು ಎಚ್-4 ವೀಸಾದಲ್ಲಿದ್ದರೆ ಸಿಗುವುದಿಲ್ಲ. ಬೆಂಗಳೂರಿನಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೂ ಇಲ್ಲ.

ನೆರವು ಬೇಕೆಂದರೆ ಪ್ರತಿ ವರ್ಷ ಫಾಫ್ಸಾ ಅರ್ಜಿ ತುಂಬಬೇಕು ಎಂಬುದು ಎಲ್ಲರಿಗೂ ಗೊತ್ತು. ಮನೆಯ ಆದಾಯ, ತೆರಿಗೆ ವಿವರ ಎಲ್ಲ ಸರಿಯಾಗಿ ತುಂಬಿ ‘ಮುಗೀತು’ ಎಂದು ಉಸಿರು ಬಿಡುತ್ತಾರೆ. ಆ ಅರ್ಜಿ ಹೇಳುವುದು ಕುಟುಂಬಕ್ಕೆ ಎಷ್ಟು ಅಗತ್ಯವಿದೆ ಎಂಬುದನ್ನು ಮಾತ್ರ. ವಿದ್ಯಾರ್ಥಿ ಪದವಿಯ ಕಡೆಗೆ ತಕ್ಕ ವೇಗದಲ್ಲಿ ಸಾಗುತ್ತಿದ್ದಾನೆಯೇ ಎಂದು ಕಾಲೇಜು ಬೇರೆಯಾಗಿಯೇ ಅಳೆಯುತ್ತದೆ. ಇದಕ್ಕೆ ‘ಸ್ಯಾಟಿಸ್ಫ್ಯಾಕ್ಟರಿ ಅಕಾಡೆಮಿಕ್ ಪ್ರೋಗ್ರೆಸ್’ ಎಂದು ಹೆಸರು, ಕ್ಯಾಂಪಸ್ಸಿನಲ್ಲಿ ಎಲ್ಲರೂ ಸ್ಯಾಪ್ ಎನ್ನುತ್ತಾರೆ. ಈಗಿನ ರೂಪದ ನಿಯಮಗಳು 2011ರ ಜುಲೈ 1ರಿಂದ ಜಾರಿಯಲ್ಲಿವೆ. ಚೌಕಟ್ಟು ಸರ್ಕಾರದ್ದು, ಅದರೊಳಗಿನ ವಿವರಗಳನ್ನು ಬರೆಯುವುದು ಆಯಾ ಕಾಲೇಜು. ಹಾಗಾಗಿ ದೊಡ್ಡಪ್ಪನ ಮಗನ ಕಾಲೇಜಿನಲ್ಲಿ ನಡೆದದ್ದು ನಿಮ್ಮ ಮಗಳ ಕಾಲೇಜಿನಲ್ಲಿ ನಡೆಯುತ್ತದೆ ಎಂದು ನಂಬಿ ಕೂರುವಂತಿಲ್ಲ.

ಸ್ಯಾಪ್ ಮೂರು ಅಳತೆಗಳಲ್ಲಿ ಅಳೆಯುತ್ತದೆ. ಮೊದಲನೆಯದು ಜಿಪಿಎ. ಎರಡು ವರ್ಷಕ್ಕಿಂತ ದೀರ್ಘವಾದ ಪದವಿಗಳಲ್ಲಿ ಎರಡನೇ ವರ್ಷದ ಕೊನೆಗೆ ಸರಾಸರಿ ‘ಸಿ’ ದರ್ಜೆ, ಅಂದರೆ ಸಾಮಾನ್ಯವಾಗಿ 2.0, ಇಲ್ಲವೇ ಆ ಕಾಲೇಜಿನಲ್ಲಿ ಪದವಿ ಪಡೆಯಲು ತಕ್ಕ ಮಟ್ಟ ಇರಬೇಕು. ಹಲವು ಕಾಲೇಜುಗಳು ಮೊದಲ ಸೆಮಿಸ್ಟರಿನಿಂದಲೇ 2.0 ಕೇಳುತ್ತವೆ. ಎರಡನೆಯದು ವೇಗ: ಇದುವರೆಗೆ ತೆಗೆದುಕೊಂಡ ಒಟ್ಟು ಕ್ರೆಡಿಟ್‌ಗಳಲ್ಲಿ (ಪ್ರತಿ ಕೋರ್ಸಿಗೆ ನಿಗದಿಯಾದ ತೂಕದ ಅಂಕೆ) ಎಷ್ಟನ್ನು ಪಾಸು ಮಾಡಿ ಮುಗಿಸಿದ್ದೀರಿ ಎಂಬ ಲೆಕ್ಕ. ಮೂರನೆಯದು ಗರಿಷ್ಠ ಅವಧಿ: ಪದವಿಗೆ ನಿಗದಿಯಾದ ಕ್ರೆಡಿಟ್‌ಗಳ ಶೇ 150ರೊಳಗೆ ಓದು ಮುಗಿಯಬೇಕು. 120 ಕ್ರೆಡಿಟ್‌ಗಳ ಪದವಿಯಾದರೆ ಮಿತಿ 180. ಎರಡನೆಯ ಅಳತೆ ಹುಟ್ಟುವುದೂ ಇಲ್ಲಿಂದಲೇ. 120ನ್ನು 180ರಿಂದ ಭಾಗಿಸಿದರೆ ಶೇ 66.67. ಬಹುತೇಕ ಕಾಲೇಜುಗಳು ಶೇ 67 ಎಂದು ಬರೆದುಕೊಂಡಿರುವುದು ಈ ಕಾರಣಕ್ಕೆ. ಶೇ 66.67 ಬಂದರೆ ಅದನ್ನು 67 ಎಂದು ಎಣಿಸುತ್ತಾರೋ ಇಲ್ಲವೋ ಎಂಬುದನ್ನು ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಒಂದೇ ಕೋರ್ಸಿನಿಂದ ಗೆರೆಯ ಆಚೆ ಈಚೆ ಆಗುವವರಿಗೆ ಆ ದಶಾಂಶ ಚಿಕ್ಕದಲ್ಲ.

ಲೆಕ್ಕ ನೋಡಿ. ಮೊದಲ ಸೆಮಿಸ್ಟರಿನಲ್ಲಿ 15 ಕ್ರೆಡಿಟ್ ತೆಗೆದುಕೊಂಡು 3 ಕ್ರೆಡಿಟ್ಟಿನ ಒಂದು ಕೋರ್ಸ್ ಬಿಟ್ಟರೆ 12 ಉಳಿಯಿತು. ವೇಗ ಶೇ 80, ಚಿಂತೆಯಿಲ್ಲ. ಎರಡನೇ ಸೆಮಿಸ್ಟರಿನಲ್ಲಿ ಮತ್ತೆ 15 ತೆಗೆದುಕೊಂಡು ಕ್ಯಾಲ್ಕುಲಸ್ 4, ಕೆಮಿಸ್ಟ್ರಿ 4 ಬಿಟ್ಟರೆ ಪಾಸಾದದ್ದು 7. ಒಟ್ಟು 30ರಲ್ಲಿ 19, ಅಂದರೆ ಶೇ 63. ಉಳಿದ ಎಲ್ಲ ಕೋರ್ಸಿನಲ್ಲೂ ‘ಎ’ ಬಂದಿರಬಹುದು, ಜಿಪಿಎ 4.0 ಇರಬಹುದು, ಆದರೂ ಸ್ಯಾಪ್‌ನಲ್ಲಿ ಅನುತ್ತೀರ್ಣ. ಕಾಲೇಜಿನ ದಾಖಲೆಯಲ್ಲಿ ಆ ವಿದ್ಯಾರ್ಥಿನಿ ‘ಗುಡ್ ಸ್ಟ್ಯಾಂಡಿಂಗ್’ನಲ್ಲಿಯೇ, ಅಂದರೆ ಓದಿನ ಮಟ್ಟ ಸರಿಯಿರುವವರ ಪಟ್ಟಿಯಲ್ಲಿಯೇ, ಇರುತ್ತಾಳೆ. ಅದು ರಿಜಿಸ್ಟ್ರಾರ್ ಕಚೇರಿಯ ಮಾತು, ಇದು ಆರ್ಥಿಕ ನೆರವು ಕಚೇರಿಯ ಮಾತು. ಎರಡರ ನಡುವಿನ ವ್ಯತ್ಯಾಸ ತಿಳಿಯದೆ ಎಷ್ಟೋ ಮಕ್ಕಳು ‘ನನ್ನ ಸ್ಟ್ಯಾಂಡಿಂಗ್ ಸರಿಯಾಗಿದೆಯಲ್ಲ’ ಎಂದು ನಿಶ್ಚಿಂತೆಯಾಗಿರುತ್ತಾರೆ.

ಕರ್ನಾಟಕದಲ್ಲಿ ಓದಿದ ತಂದೆ ತಾಯಂದಿರಿಗೆ ಇದು ಸುಲಭವಾಗಿ ಮನಸ್ಸಿಗೆ ಇಳಿಯದಿರಲು ಒಂದು ಕಾರಣವಿದೆ. ನಮ್ಮಲ್ಲಿ ‘ಬ್ಯಾಕ್’ ಉಳಿದರೆ ಮುಂದಿನ ಸಲ ಕ್ಲಿಯರ್ ಮಾಡಿಕೊಂಡರಾಯಿತು. ಕ್ಲಿಯರ್ ಆದಮೇಲೆ ಮನೆಯಲ್ಲಿ ಅದರ ಮಾತೇ ಎತ್ತುವುದಿಲ್ಲ. ಸ್ಯಾಪ್ ಲೆಕ್ಕದಲ್ಲಿ ಹಳೆಯ ಪ್ರಯತ್ನ ಅಳಿಸಿಹೋಗುವುದಿಲ್ಲ. 3 ಕ್ರೆಡಿಟ್ಟಿನ ಕೋರ್ಸಿನಲ್ಲಿ ಎಫ್ ಬಂದು, ಎರಡನೇ ಸಲ ಡಬ್ಲ್ಯೂ ಆಗಿ, ಮೂರನೇ ಸಲ ‘ಬಿ’ ಬಂದರೆ ತೆಗೆದುಕೊಂಡದ್ದು 9, ಮುಗಿಸಿದ್ದು 3. ಮರುಓದಿನ ಹೊಸ ದರ್ಜೆಯನ್ನಷ್ಟೇ ಹಿಡಿದು ಜಿಪಿಎ ಲೆಕ್ಕ ಹಾಕುವ ಕಾಲೇಜಾದರೂ ವೇಗದ ಲೆಕ್ಕದಲ್ಲಿ ಮೂರೂ ಪ್ರಯತ್ನ ಕೂತೇ ಇರುತ್ತವೆ. ‘ಹಳೆಯದನ್ನೆಲ್ಲ ಮರೆತು ಹೊಸದಾಗಿ ಶುರು’ ಎಂದು ಕೆಲವು ಕಾಲೇಜುಗಳು ಕೊಡುವ ರಿಯಾಯಿತಿಗೂ ಫೆಡರಲ್ ನೆರವಿನ ಲೆಕ್ಕದಲ್ಲಿ ಮಾನ್ಯತೆಯಿಲ್ಲ. ನೆರವು ಪಡೆಯದೆ ಸ್ವಂತ ದುಡ್ಡಿನಲ್ಲಿ ಓದಿದ ಸೆಮಿಸ್ಟರ್ ಕೂಡ ಎಣಿಕೆಗೆ ಬರುತ್ತದೆ.

ಪಾಸಾದ ಕೋರ್ಸನ್ನು ದರ್ಜೆ ಏರಿಸಿಕೊಳ್ಳಲು ಮತ್ತೆ ಓದುವವರು ಇನ್ನೊಂದು ಮಾತು ತಿಳಿದಿರಬೇಕು: ಪಾಸಾದ ಕೋರ್ಸಿನ ಮರುಓದಿಗೆ ಫೆಡರಲ್ ನೆರವು ಒಂದು ಸಲ ಮಾತ್ರ. ಫೇಲಾದ ಕೋರ್ಸಿಗೆ, ಪಾಸಾಗುವ ತನಕ ನೆರವು ಸಿಗಬಹುದು, ಆದರೆ ಪ್ರತಿ ಪ್ರಯತ್ನವೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ‘ಐ’, ಅಂದರೆ ಅಪೂರ್ಣ ಎಂಬ ದರ್ಜೆ ಇದ್ದರೆ, ಬಾಕಿ ಕೆಲಸ ಮುಗಿಸಿ ದರ್ಜೆ ಬರುವವರೆಗೆ ಅದನ್ನು ಸಾಮಾನ್ಯವಾಗಿ ಮುಗಿಯದ ಕ್ರೆಡಿಟ್ ಎಂದೇ ಹಿಡಿಯುತ್ತಾರೆ. ದರ್ಜೆ ಬಂದ ದಿನವೇ ನೆರವು ಕಚೇರಿಗೆ ಇಮೇಲ್ ಬರೆದು ಮರುಲೆಕ್ಕ ಕೇಳುವುದು ಕ್ಷೇಮ. ಕಂಪ್ಯೂಟರ್ ತಾನಾಗಿಯೇ ಸರಿಪಡಿಸುತ್ತದೆ ಎಂದು ಕಾದು ಕೂತರೆ ಮುಂದಿನ ಸೆಮಿಸ್ಟರಿನ ಶುಲ್ಕದ ಕೊನೆಯ ದಿನ ದಾಟಿರುತ್ತದೆ. ಹೈಸ್ಕೂಲಿನಲ್ಲಿ ಇರುವಾಗಲೇ ಕಮ್ಯುನಿಟಿ ಕಾಲೇಜಿನ (ಸಾಮಾನ್ಯವಾಗಿ ಎರಡು ವರ್ಷದ ಸ್ಥಳೀಯ ಕಾಲೇಜು) ಕೋರ್ಸ್ ತೆಗೆದುಕೊಳ್ಳುವ ಉತ್ಸಾಹ ನಮ್ಮ ಮನೆಗಳಲ್ಲಿ ಜಾಸ್ತಿ. ಮುಂದೆ ಅದೇ ಕಾಲೇಜಿಗೆ ಸೇರಿದರೆ ಅಲ್ಲಿ ಬಿದ್ದ ಎಫ್, ಡಬ್ಲ್ಯೂ ಎಲ್ಲವೂ ಹಲವೆಡೆ ಸ್ಯಾಪ್ ಲೆಕ್ಕಕ್ಕೆ ಬರುತ್ತವೆ. ಹದಿನಾರರ ವಯಸ್ಸಿನಲ್ಲಿ ಆದ ತಪ್ಪು ಹತ್ತೊಂಬತ್ತರಲ್ಲಿ ಎದುರಿಗೆ ಬಂದು ನಿಲ್ಲುತ್ತದೆ.

ಹಾಗಾದರೆ ಕೋರ್ಸ್ ಬಿಡಲೇಬಾರದೇ? ಹಾಗಲ್ಲ. ಬಿಡುವ ದಿನಾಂಕ ಮುಖ್ಯ. ಸೆಮಿಸ್ಟರ್ ಶುರುವಾದ ಮೊದಲ ಒಂದೆರಡು ವಾರ ‘ಆ್ಯಡ್-ಡ್ರಾಪ್’ ಅವಧಿ ಇರುತ್ತದೆ. ಅದರೊಳಗೆ ಬಿಟ್ಟ ಕೋರ್ಸ್ ಅಂಕಪಟ್ಟಿಯಲ್ಲೇ ಕಾಣುವುದಿಲ್ಲ, ಸಾಮಾನ್ಯವಾಗಿ ಸ್ಯಾಪ್ ಲೆಕ್ಕಕ್ಕೂ ಬರುವುದಿಲ್ಲ. ಅದು ದಾಟಿದ ಮೇಲೆ ಎಷ್ಟೋ ವಾರ ತೆರೆದಿರುವ ‘ವಿತ್‌ಡ್ರಾ’ ಅವಧಿಯಲ್ಲಿ ಬಿಟ್ಟರೆ ಡಬ್ಲ್ಯೂ. ಕಾಲೇಜಿನ ಕ್ಯಾಲೆಂಡರಿನಲ್ಲಿ ಎರಡೂ ದಿನಾಂಕ ಇರುತ್ತವೆ, ಮಕ್ಕಳು ನೋಡುವುದು ಎರಡನೆಯದನ್ನು. ಮೊದಲನೆಯದನ್ನು ದಪ್ಪ ಅಕ್ಷರದಲ್ಲಿ ಬರೆದು ಕಣ್ಣೆದುರು ಇಟ್ಟುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಆ ದಿನ ಕಳೆದ ಮೇಲೂ ಬಿಡುವ ಸ್ಥಿತಿ ಬಂದರೆ, ಬಿಡುವುದಕ್ಕೂ ‘ಡಿ’ ದರ್ಜೆಯಲ್ಲಿ ಪಾಸಾಗುವುದಕ್ಕೂ ತೂಗಿ ನೋಡಬೇಕು. ‘ಡಿ’ ಜಿಪಿಎಯನ್ನು ಇಳಿಸುತ್ತದೆ, ಆದರೆ ವೇಗದ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ಮುಗಿದ ಕ್ರೆಡಿಟ್. ಜಿಪಿಎ 3.2 ಇದ್ದು ವೇಗ ಶೇ 68 ಇರುವವರಿಗೆ ಡಬ್ಲ್ಯೂಗಿಂತ ‘ಡಿ’ ಮೇಲು. ಜಿಪಿಎ 2.0 ಇದ್ದು ವೇಗ ಶೇ 85 ಇರುವವರಿಗೆ ಇದೇ ಮಾತು ತಿರುಗುಮುರುಗು.

ಇಳಿದ ವೇಗವನ್ನು ಏರಿಸುವುದು ಎಷ್ಟು ಕಷ್ಟ ಎಂಬುದು ಯಾವಾಗ ಎಚ್ಚೆತ್ತಿರಿ ಎಂಬುದರ ಮೇಲಿದೆ. 30ರಲ್ಲಿ 18 ಮುಗಿಸಿದವರದೂ ಶೇ 60, 60ರಲ್ಲಿ 36 ಮುಗಿಸಿದವರದೂ ಶೇ 60. ಮೊದಲಿನವರು ಮುಂದೆ ತೆಗೆದುಕೊಂಡ 7 ಕ್ರೆಡಿಟ್‌ಗಳನ್ನೂ ಪಾಸು ಮಾಡಿದರೆ 67 ದಾಟುತ್ತಾರೆ, ಅದು ಒಂದು ಬೇಸಿಗೆಯ ಕೆಲಸ. ಎರಡನೆಯವರಿಗೆ 13 ಬೇಕು, ಅದಕ್ಕೆ ಒಂದು ಪೂರ್ಣ ಸೆಮಿಸ್ಟರೇ ಬೇಕು. ಜಿಪಿಎಯದೂ ಇದೇ ಕಥೆ. 30 ಕ್ರೆಡಿಟ್‌ಗೆ 1.6 ಇದ್ದರೆ ಮುಂದಿನ 15 ಕ್ರೆಡಿಟ್‌ಗಳಲ್ಲಿ 2.8 ತೆಗೆದರೆ ಮಾತ್ರ ಒಟ್ಟು 2.0 ಮುಟ್ಟುತ್ತದೆ. ಬೇಸಿಗೆಯಲ್ಲಿ ಕಡಿಮೆ ಖರ್ಚಿನ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಕ್ರೆಡಿಟ್ ವರ್ಗಾಯಿಸಿಕೊಂಡರೆ, ಒಪ್ಪಿಕೊಂಡ ಕ್ರೆಡಿಟ್‌ಗಳು ತೆಗೆದುಕೊಂಡದ್ದು ಮತ್ತು ಮುಗಿಸಿದ್ದು ಎರಡೂ ಕಡೆ ಸೇರುತ್ತವೆ, ವೇಗ ಏರುತ್ತದೆ. ಜಿಪಿಎ ಮಾತ್ರ ಹಲವು ಕಾಲೇಜುಗಳಲ್ಲಿ ಹಾಗೆ ವರ್ಗಾವಣೆಯಾಗುವುದಿಲ್ಲ. ಜಿಪಿಎ ಸರಿಪಡಿಸಬೇಕಾದವರು ಬೇಸಿಗೆಯ ಕೋರ್ಸನ್ನು ತಮ್ಮ ಕಾಲೇಜಿನಲ್ಲೇ ತೆಗೆದುಕೊಳ್ಳಬೇಕು.

ಮೂರನೆಯ ಅಳತೆಯಾದ ಗರಿಷ್ಠ ಅವಧಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಲವಾಗಿದೆ. 180 ಕ್ರೆಡಿಟ್ ತುಂಬುವವರೆಗೂ ನೆರವು ಬರುತ್ತದೆ ಎಂದುಕೊಳ್ಳುತ್ತಾರೆ. ಮಿತಿಯೊಳಗೆ ಪದವಿ ಮುಗಿಸಲು ಸಾಧ್ಯವೇ ಇಲ್ಲ ಎಂದು ಲೆಕ್ಕದಲ್ಲಿ ಕಂಡ ಕೂಡಲೇ ನೆರವು ನಿಲ್ಲುತ್ತದೆ. ಇದು ಹೆಚ್ಚಾಗಿ ತಟ್ಟುವುದು ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಬದಲಿಸಿದವರಿಗೆ. ಒಬ್ಬ ವಿದ್ಯಾರ್ಥಿ 140 ತೆಗೆದುಕೊಂಡು 100 ಮುಗಿಸಿದ್ದಾನೆ ಎನ್ನಿ. ವೇಗ ಶೇ 71, ಸರಿಯಿದೆ. ಕಂಪ್ಯೂಟರ್ ಸೈನ್ಸ್ ಬಿಟ್ಟು ಸೈಕಾಲಜಿಗೆ ಹೋದಾಗ ಆ 100ರಲ್ಲಿ 75 ಮಾತ್ರ ಹೊಸ ಪದವಿಗೆ ಉಪಯೋಗ. ಇನ್ನೂ 45 ಬೇಕು. 140ಕ್ಕೆ 45 ಕೂಡಿದರೆ 185, ಮಿತಿ ದಾಟಿತು. ಹೊಸ ಮೇಜರಿಗೆ ಸಲ್ಲದ ಹಳೆಯ ಕ್ರೆಡಿಟ್‌ಗಳನ್ನು ಲೆಕ್ಕದಿಂದ ತೆಗೆಯಲು ಕಾಲೇಜುಗಳಿಗೆ ಅವಕಾಶವಿದೆ, ಆದರೆ ಎಲ್ಲವೂ ತೆಗೆಯುವುದಿಲ್ಲ. ಮೇಜರ್ ಬದಲಾವಣೆಯ ಅರ್ಜಿಗೆ ಸಹಿ ಹಾಕುವ ಮೊದಲೇ ಈ ಪ್ರಶ್ನೆ ಕೇಳಬೇಕು. ಮಗ ಒಪ್ಪದ ಮೇಜರಿಗೆ ಸೇರಿಸಿ, ಎರಡು ವರ್ಷ ಕಳೆದ ಮೇಲೆ ‘ಆಯ್ತು, ನಿನ್ನಿಷ್ಟ’ ಎನ್ನುವ ಮನೆಗಳು ಈ ಲೆಕ್ಕವನ್ನು ಒಮ್ಮೆ ನೋಡಬೇಕೆಂದು ನಮ್ಮ ಕಳಕಳಿಯ ವಿನಂತಿ. ಇದಲ್ಲದೆ ಪೆಲ್ ಗ್ರ್ಯಾಂಟಿಗೆ ಬೇರೆಯದೇ ಆಯುಷ್ಯದ ಮಿತಿ ಇದೆ: ಒಟ್ಟು ಶೇ 600, ಅಂದರೆ ಪೂರ್ಣಾವಧಿಯ ಸುಮಾರು 12 ಸೆಮಿಸ್ಟರ್. ಸ್ಯಾಪ್ ಸರಿಯಿದ್ದರೂ ಅದು ಮುಗಿದರೆ ಮುಗಿಯಿತು.

ಪರಿಶೀಲನೆಯನ್ನು ಕೆಲವು ಕಾಲೇಜುಗಳು ಪ್ರತಿ ಸೆಮಿಸ್ಟರಿನ ಕೊನೆಗೆ ಮಾಡುತ್ತವೆ, ಕೆಲವು ವರ್ಷಕ್ಕೊಮ್ಮೆ. ಈ ಸಣ್ಣ ವ್ಯತ್ಯಾಸದಲ್ಲಿ ದೊಡ್ಡ ಪರಿಣಾಮ ಅಡಗಿದೆ. ಪ್ರತಿ ಸೆಮಿಸ್ಟರ್ ನೋಡುವ ಕಾಲೇಜು ಮಾತ್ರ ‘ವಾರ್ನಿಂಗ್’ ಕೊಡಬಹುದು. ಆ ಸ್ಥಿತಿಯಲ್ಲಿ ಒಂದು ಸೆಮಿಸ್ಟರ್ ಮಟ್ಟಿಗೆ ಮೇಲ್ಮನವಿ ಇಲ್ಲದೆಯೇ ನೆರವು ಮುಂದುವರಿಯುತ್ತದೆ, ಅಷ್ಟರಲ್ಲಿ ಸರಿಪಡಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ನೋಡುವಲ್ಲಿ ಎಚ್ಚರಿಕೆಯ ಹಂತವೇ ಇಲ್ಲ, ಮೇ ತಿಂಗಳ ಫಲಿತಾಂಶದ ನಂತರ ಸೀದಾ ‘ನೆರವು ನಿಂತಿದೆ’ ಎಂಬ ಇಮೇಲ್. ಅದು ಬರುವುದು ವಿದ್ಯಾರ್ಥಿಯ ಕಾಲೇಜು ಇಮೇಲಿಗೆ, ಅದೂ ಬೇಸಿಗೆ ರಜೆಯಲ್ಲಿ. 1974ರ ಫೆರ್ಪಾ ಕಾನೂನಿನ ಪ್ರಕಾರ ಕಾಲೇಜು ಸೇರಿದ ಮೇಲೆ ಶೈಕ್ಷಣಿಕ ದಾಖಲೆಯ ಹಕ್ಕು ವಿದ್ಯಾರ್ಥಿಯದು. ತಂದೆ ತಾಯಿ ಫೋನ್ ಮಾಡಿದರೆ ಕಚೇರಿಯವರು ಸಾಮಾನ್ಯವಾಗಿ ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಕೇಳುತ್ತಾರೆ. ಮಗ ಹೆದರಿ ಹೇಳದೆ ಉಳಿದರೆ ಮನೆಯವರಿಗೆ ಗೊತ್ತಾಗುವುದು ಆಗಸ್ಟ್‌ನಲ್ಲಿ ಬಿಲ್ ಬಂದಾಗ. ಬೈಗುಳದ ಭಯವೇ ಇಲ್ಲಿ ಅತಿ ದುಬಾರಿ, ಏಕೆಂದರೆ ಮೇಲ್ಮನವಿಯ ಗಡುವು ಅಷ್ಟರಲ್ಲಿ ಮುಗಿದಿರಬಹುದು.

ಇನ್ನು ಮೇಲ್ಮನವಿ. ಅದು ಕೈಮುಗಿದು ಬೇಡುವ ಪತ್ರವಲ್ಲ, ಸಾಕ್ಷಿ ಸಹಿತ ವಿವರಣೆ. ನಿಯಮ ಹೆಸರಿಸುವ ಕಾರಣಗಳು ಸಂಬಂಧಿಯ ಸಾವು, ವಿದ್ಯಾರ್ಥಿಗೇ ಆದ ಗಾಯ ಅಥವಾ ಕಾಯಿಲೆ, ಇಲ್ಲವೇ ಇತರ ವಿಶೇಷ ಸಂದರ್ಭ. ‘ಸಂಬಂಧಿ’ ಎಂದಷ್ಟೇ ಇರುವುದರಿಂದ ಊರಿನಲ್ಲಿ ತೀರಿಕೊಂಡ ಅಜ್ಜಿಯೂ ಸೋದರಮಾವನೂ ಅದರೊಳಗೆ ಬರಬಹುದು. ಮರಣ ಪ್ರಮಾಣಪತ್ರ, ಪ್ರಯಾಣದ ಟಿಕೆಟ್ ಜೊತೆಗಿರಲಿ. ದಾಖಲೆ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಅಪ್ಪನಿಗೆ ಹೃದಯಾಘಾತವಾಗಿ ಮಗಳು ಆಸ್ಪತ್ರೆ ಓಡಾಡಿದ್ದರೆ ಅದು ವಿಶೇಷ ಸಂದರ್ಭ. ಪತ್ರ ಎರಡು ಪ್ರಶ್ನೆಗೆ ಉತ್ತರಿಸಲೇಬೇಕು: ಏಕೆ ಹಿಂದೆ ಬಿದ್ದೆ, ಈಗ ಏನು ಬದಲಾಗಿದೆ. ಎರಡನೆಯದನ್ನು ಬಿಟ್ಟುಬಿಡುವುದರಿಂದಲೇ ಎಷ್ಟೋ ಮನವಿಗಳು ತಿರಸ್ಕೃತವಾಗುತ್ತವೆ. ‘ಇನ್ನು ಮುಂದೆ ಚೆನ್ನಾಗಿ ಓದುತ್ತೇನೆ’ ಎಂಬುದು ಬದಲಾವಣೆಯಲ್ಲ. ‘ವಾರಕ್ಕೆ 30 ಗಂಟೆಯ ಕೆಲಸವನ್ನು 12ಕ್ಕೆ ಇಳಿಸಿದ್ದೇನೆ, ಮೇಲಧಿಕಾರಿಯ ಪತ್ರ ಇಲ್ಲಿದೆ’ ಎಂಬುದು ಬದಲಾವಣೆ. ದಿನಾಂಕಗಳು ಹೊಂದಬೇಕು. ಹಿಂದೆ ಬಿದ್ದದ್ದು ಸ್ಪ್ರಿಂಗ್ (ಸುಮಾರು ಜನವರಿಯಿಂದ ಮೇ) ಸೆಮಿಸ್ಟರಿನಲ್ಲಾದರೆ ನವೆಂಬರಿನ ವೈದ್ಯರ ಚೀಟಿ ಒಂದೇ ಸಾಲದು. ಎರಡು ಸೆಮಿಸ್ಟರ್ ಕೆಟ್ಟಿದ್ದರೆ ಎರಡಕ್ಕೂ ವಿವರಣೆ ಬೇಕು. ನೆರವಿಲ್ಲದಿದ್ದರೆ ಓದಲು ಹಣವಿಲ್ಲ ಎಂಬುದು ಸತ್ಯವಿರಬಹುದು, ಆದರೆ ಅದು ಹಿಂದೆ ಬಿದ್ದದ್ದಕ್ಕೆ ಕಾರಣವಾಗುವುದಿಲ್ಲ. ಅಧ್ಯಾಪಕರನ್ನು ದೂರುವ ಸಾಲುಗಳಿಂದ ಉಪಯೋಗವಿಲ್ಲ. ಪತ್ರವನ್ನು ವಿದ್ಯಾರ್ಥಿಯೇ ಬರೆಯಬೇಕು, ಒಂದು ಪುಟ ಸಾಕು.

ಮನಸ್ಸಿನ ಕಾಯಿಲೆಯ ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕು. ಖಿನ್ನತೆ, ಆತಂಕದಿಂದ ತರಗತಿಗೆ ಹೋಗಲಾಗದ ಮಕ್ಕಳ ಮನೆಗಳಲ್ಲಿ ಅದನ್ನು ಬಚ್ಚಿಟ್ಟು, ಮನವಿಯಲ್ಲಿ ‘ಹವಾಮಾನ ಒಗ್ಗಲಿಲ್ಲ’ ಎಂಬಂಥ ತೆಳು ಕಾರಣ ಬರೆಸುವುದುಂಟು. ಅದು ನಿಲ್ಲುವುದಿಲ್ಲ. ವಿದ್ಯಾರ್ಥಿಯ ಕಾಯಿಲೆ ಎಂಬ ಮಾತಿನಲ್ಲಿ ಮನಸ್ಸಿನ ಕಾಯಿಲೆಯೂ ಸೇರಿದೆ. ಆಪ್ತಸಮಾಲೋಚಕರಿಂದ ‘ಇಂಥ ದಿನದಿಂದ ಚಿಕಿತ್ಸೆಯಲ್ಲಿದ್ದಾರೆ, ಈಗ ಓದು ಮುಂದುವರಿಸಲು ಶಕ್ತರು’ ಎಂಬ ಪತ್ರ ಸಾಕಾಗಬಹುದು, ರೋಗದ ಒಳವಿವರ ಬರೆಯಬೇಕಿಲ್ಲ.

ಮನವಿ ಒಪ್ಪಿದರೆ ‘ಪ್ರೊಬೇಷನ್’ ಎಂದು ಒಂದು ಸೆಮಿಸ್ಟರ್ ನೆರವು ಸಿಗುತ್ತದೆ, ಇಲ್ಲವೇ ಸಲಹೆಗಾರರ ಜೊತೆ ಕೂತು ಮಾಡಿದ ಓದಿನ ಯೋಜನೆಯಂತೆ ಹಂತಹಂತವಾಗಿ ಸಿಗುತ್ತದೆ. ಒಂದೇ ಸೆಮಿಸ್ಟರಿನಲ್ಲಿ ಶೇ 67 ಮುಟ್ಟಲಾಗದವರು ಯೋಜನೆಯನ್ನೇ ಕೇಳಬೇಕು. ಅದರಲ್ಲಿ 18 ಕ್ರೆಡಿಟ್, ಎಲ್ಲದರಲ್ಲೂ ‘ಎ’ ಎಂದು ಬರೆದು ಬರಬೇಡಿ. ಯೋಜನೆ ತಪ್ಪಿದರೆ ನೆರವು ಮತ್ತೆ ನಿಲ್ಲುತ್ತದೆ. 12 ಕ್ರೆಡಿಟ್, ಒಂದೂ ಡಬ್ಲ್ಯೂ ಇಲ್ಲ ಎಂಬ ಸಾಧಾರಣ ಗುರಿ ಬೇಕಾದಷ್ಟಾಯಿತು. ತೀರ್ಪು ಬರುವವರೆಗೆ ಶುಲ್ಕದ ಗಡುವು ಕಾಯುವುದಿಲ್ಲ, ಕಂತಿನ ವ್ಯವಸ್ಥೆ ಇದೆಯೇ ಎಂದು ಅದೇ ವಾರ ಕೇಳಿಕೊಳ್ಳಿ. ಕಾಲೇಜು ಮನವಿಯನ್ನು ತಿರಸ್ಕರಿಸಿದರೆ ಅಮೆರಿಕದ ಶಿಕ್ಷಣ ಇಲಾಖೆಗೆ ಹೋಗಿ ಅದನ್ನು ಬದಲಿಸಲಾಗದು. ಒಂದು ವರ್ಷ ಮನೆಯಲ್ಲಿ ಕೂತು ಮರಳಿದರೆ ತಾನಾಗಿ ಸರಿಹೋಗುತ್ತದೆ ಎಂಬುದೂ ಸುಳ್ಳು. ಕೂತಿದ್ದರಿಂದ ಅಂಕೆ ಏರುವುದಿಲ್ಲ, ಆದರೆ ಓದು ಅರ್ಧ ಪ್ರಮಾಣಕ್ಕಿಂತ ಇಳಿದ 6 ತಿಂಗಳಿಗೆ ಸರ್ಕಾರಿ ಸಾಲದ ಕಂತು ಶುರುವಾಗುತ್ತದೆ.

ಎಲ್ಲ ಕೋರ್ಸ್ ಒಟ್ಟಿಗೆ ಬಿಟ್ಟು ಹೊರಬರುವವರಿಗೆ ಸ್ಯಾಪ್ ಅಲ್ಲದೆ ಇನ್ನೊಂದು ಏಟು ಕಾದಿದೆ. ಸೆಮಿಸ್ಟರಿನ ಶೇ 60 ಭಾಗ ಮುಗಿಯುವ ಮೊದಲೇ ಬಿಟ್ಟರೆ ಕಳೆದ ದಿನಗಳಿಗೆ ತಕ್ಕಷ್ಟು ನೆರವು ಮಾತ್ರ ನಿಮ್ಮದು. 105 ದಿನದ ಸೆಮಿಸ್ಟರಿನಲ್ಲಿ 42ನೇ ದಿನ ಬಿಟ್ಟರೆ ಶೇ 40. 5,000 ಡಾಲರ್ ನೆರವಿನಲ್ಲಿ 2,000 ಉಳಿದು ಬಾಕಿಯದು ಲೆಕ್ಕದಿಂದ ಹಿಂದೆ ಹೋಗುತ್ತದೆ. ಕಾಲೇಜಿನ ಶುಲ್ಕ ಮಾತ್ರ ಹಾಗೆಯೇ ಉಳಿದು, ಆ ಅಂತರದ ಬಿಲ್ ಮನೆಗೆ ಬರಬಹುದು.

ಎಫ್-1 ವೀಸಾದವರಿಗೆ ಫೆಡರಲ್ ಸ್ಯಾಪ್ ಅನ್ವಯಿಸದು. ಆದರೆ ವಿಶ್ವವಿದ್ಯಾಲಯ ತಾನೇ ಕೊಡುವ ವಿದ್ಯಾರ್ಥಿವೇತನಗಳಿಗೆ ಅದರದ್ದೇ ನವೀಕರಣದ ಷರತ್ತುಗಳಿರುತ್ತವೆ, ಹಲವು ಸಲ 3.0 ಜಿಪಿಎಯಂಥ ಇನ್ನೂ ಎತ್ತರದ ಗೆರೆ. ಪ್ರವೇಶದ ಪತ್ರದ ಜೊತೆ ಬರುವ ಆ ಷರತ್ತಿನ ಪುಟವನ್ನು ವಿಮಾನ ಹತ್ತುವ ಮೊದಲೇ ಓದಿರಬೇಕು.

ತಮ್ಮ ಪತ್ರಿಕೆಯಲ್ಲಿ ವಿದೇಶದ ಓದಿನ ಕುರಿತು ಲೇಖನಗಳು ಬಂದಾಗ ನೆರವು ಪಡೆಯುವ ಬಗೆಯ ಜೊತೆಗೆ ಉಳಿಸಿಕೊಳ್ಳುವ ಬಗೆಯೂ ಬರಲಿ ಎಂದು ಕೋರುತ್ತೇವೆ. ಆ ಲೇಖನದ ಕೊನೆಗೆ, ಯಾವುದೇ ಕೋರ್ಸ್ ಬಿಡುವ ಮುನ್ನ ವಿದ್ಯಾರ್ಥಿ ನೆರವು ಕಚೇರಿಗೆ ಕಳಿಸಬೇಕಾದ ಈ ಎರಡು ಸಾಲನ್ನಾದರೂ ಅಚ್ಚು ಹಾಕಿ: ‘ಈ ಕೋರ್ಸ್ ಇವತ್ತು ಬಿಟ್ಟರೆ ನನ್ನ ವೇಗ ಶೇಕಡಾ ಎಷ್ಟಾಗುತ್ತದೆ? ಮುಂದಿನ ಸೆಮಿಸ್ಟರಿನ ನೆರವು ಉಳಿಯುತ್ತದೆಯೇ? ದಯವಿಟ್ಟು ಬರಹದಲ್ಲಿ ತಿಳಿಸಿ.’

ಇತಿ,
ತಮ್ಮ ಓದುಗರು